ಆರೂವರೆಗೆ ಒಡೆಯುವ ಮುಖ

ಮಾರ್ಚ್ ೩, ಸೋಮವಾರ

ಇವತ್ತೂ ಹೋಯಿತು. ಆರು ಮೂವತ್ತೊಂದಕ್ಕೆ. ಟಿವಿಯಲ್ಲಿ ಅಕ್ಕ "ನಮಸ್ಕಾರ, ವಾರ್ತೆಗಳು..." ಅಂದಳು, ಅಷ್ಟೇ. ಬಾಯಿ ಒಂದು ಕಡೆ, ಕಣ್ಣು ಒಂದು ಕಡೆ. ಎಲ್ಲ ಚೌಕ ಚೌಕ. ದನಿ ಕಿರ್ ಅಂತ ಮುರಿದು ನಿಂತಿತು. ಆಮೇಲೆ ಕಪ್ಪು ಪರದೆ. "ಸಿಗ್ನಲ್ ಇಲ್ಲ."

ಅಪ್ಪ ಎಂದಿನಂತೆ ತಾರಸಿ ಹತ್ತಿ ಆಂಟೆನಾ ತಿರುಗಿಸಿದರು. ಮೇಲಿಂದ "ಬಂತಾ?" ಕೆಳಗಿಂದ ನಾನು "ಇಲ್ಲ." "ಈಗ?" "ಇಲ್ಲ." ಪಕ್ಕದಲ್ಲಿ ಅಮ್ಮ ತಲೆ ಎತ್ತದೆ ಹೊಲಿಗೆ ಮೆಷಿನ್ ಓಡಿಸುತ್ತಿದ್ದಳು. ಆಸ್ಪತ್ರೆಯ ದಿಂಬಿನ ಕವರುಗಳು. ಅಂಚು ಮಡಿಸುವುದು ನನ್ನ ಕೆಲಸ. ಮೆಷಿನ್ನಿಗೆ ಮೋಟಾರು ಹಾಕಿಸಿದ ಮೇಲೆ ಅಮ್ಮನ ಕೈ ಬಿರುಸು, ನನಗೆ ಪುರಸೊತ್ತಿಲ್ಲ.

ಏಳಕ್ಕೆ ಐದು ನಿಮಿಷ ಇರುವಾಗ ಅಮ್ಮ ಅಡುಗೆಗೆ ಎದ್ದಳು. ಚಿತ್ರವೂ ತಾನಾಗಿ ಬಂತು. ಕೋಳಿ ಸಾಕುವುದು ಹೇಗೆ ಅಂತ ಯಾರೋ ಹೇಳುತ್ತಿದ್ದರು. ಕೋಳಿಯ ಒಂದೊಂದು ಪುಕ್ಕವೂ ಕಾಣುತ್ತಿತ್ತು. ಅಕ್ಕನ ವಾರ್ತೆ ಮುಗಿದುಹೋಗಿತ್ತು.

ಟಿವಿ ಕೆಲಸಕ್ಕೆ ಹೋಗುತ್ತೇನೆ ಅಂತ ಅಕ್ಕ ಹೊರಟಾಗ ಅಪ್ಪ ಅಂದಿದ್ದು— "ಹಾಗಾದ್ರೆ ನಿನ್ನ ಮುಖ ನನಗೆ ತೋರಿಸಬೇಡ." ಮೂರು ವಾರದಿಂದ ಅವಳು ವಾರ್ತೆ ಓದುತ್ತಿದ್ದಾಳೆ. ಮೂರು ವಾರದಿಂದ ಅಪ್ಪ ಅದೇ ಮುಖಕ್ಕಾಗಿ ತಾರಸಿ ಹತ್ತುತ್ತಿದ್ದಾರೆ. ಕೇಳಿದರೆ— "ನಾಳೆ ಹೊರಗೋಡೆ ಬಳಿಯೋದಿದೆ. ಮಳೆ ಬರುತ್ತೋ ಇಲ್ವೋ ನೋಡ್ಬೇಡ್ವಾ?" ಬಣ್ಣ ಬಳಿಯುವವರಿಗೆ ಹವಾಮಾನ ಬೇಕು, ನಿಜ. ಆದರೆ ಎಂಟು ಗಂಟೆಗೂ ಹವಾಮಾನ ಬರುತ್ತದೆ. ಆಗ ಅಪ್ಪ ಗೊರಕೆ ಹೊಡೆಯುತ್ತಿರುತ್ತಾರೆ.

ಮಾರ್ಚ್ ೪

ಮಧ್ಯಾಹ್ನ ಏಣಿಯಣ್ಣ ಬಂದಿದ್ದ. ಆಂಟೆನಾ ಕಟ್ಟುವವನು. ಹೆಗಲ ಮೇಲೆ ಏಣಿ ಇಲ್ಲದ ಅವನನ್ನು ಯಾರೂ ಕಂಡಿಲ್ಲ. ಈಗ ಎಲ್ಲರ ಮನೆಯಲ್ಲೂ ಕೇಬಲ್. ಅಕ್ಕನ ಚಾನೆಲ್ ಮಾತ್ರ ಕೇಬಲ್‌ನಲ್ಲಿ ಬರುವುದಿಲ್ಲ. ಈ ಬೀದಿಯಲ್ಲಿ ಆಂಟೆನಾ ಉಳಿದಿರುವುದು ನಮ್ಮದೊಂದೇ.

ಅವನಿಗೆ ಚಹಾ ಮಾಡಲು ಅಮ್ಮ ಒಳಗೆ ಹೋದಳು. ಅವನು ಮೀಟರ್ ಹಿಡಿದು ನೋಡಿದ.

"ಗಾಜಿನ ಥರ ಇದೆಯಲ್ಲಣ್ಣಾ ಚಿತ್ರ. ಏನ್ ರಿಪೇರಿ ಮಾಡ್ಲಿ ನಾನು?"

"ಈಗ ಇದೆ. ಆರೂವರೆಗೆ ಬಂದು ನೋಡು" ಅಂದರು ಅಪ್ಪ.

"ಟವರ್‌ಗೇನು ಗಡಿಯಾರ ಕಟ್ಟಿದಾರಾ?"

ಆಮೇಲೆ ನನ್ನ ಕಡೆ ತಿರುಗಿ— "ನೋಡು ಪುಟ್ಟಿ, ಹಳೇ ಟಿವೀಲಿ ಸಿಗ್ನಲ್ ಕಮ್ಮಿಯಾದ್ರೆ ಅಕ್ಕಿ ಚೆಲ್ಲಿದ ಹಾಗೆ ಚುಕ್ಕಿ ಬೀಳ್ತಿತ್ತು. ಆದ್ರೂ ಹಿಂದೆ ಮುಖ ಕಾಣ್ತಿತ್ತು. ಇದು ಡಿಜಿಟಲ್ಲು. ಬಂದ್ರೆ ಪೂರ್ತಿ, ಇಲ್ಲಾಂದ್ರೆ ಏನೂ ಇಲ್ಲ. ನಿಮ್ಮಪ್ಪನ ಥರ."

ಹೇಳಿಕೊಂಡೇ ಏಣಿ ಹತ್ತಿದ. ಕೆಳಗೆ ಏಣಿ ಹಿಡಿದಿದ್ದವರು ಅಪ್ಪ. ಕೇಳಿಸಿತೋ ಇಲ್ಲವೋ... ಏಣಿ ಒಮ್ಮೆ ಅಲ್ಲಾಡಿತು.

ಸಂಜೆ ಮತ್ತೆ ಹೋಯಿತು.

ಮಾರ್ಚ್ ೬

ಅಪ್ಪ ಟಿವಿ ಕೇಂದ್ರಕ್ಕೆ ಕಾಗದ ಬರೆಸಿದರು. ಬ್ರಷ್ ಹಿಡಿದರೆ ಅವರಿಗೆ ಗೋಡೆ ಉದ್ದಕ್ಕೂ ನೇರ ಗೆರೆ ಬರುತ್ತದೆ, ಪೆನ್ನು ಹಿಡಿದರೆ ಬರುವುದಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಆದರೂ ಅಕ್ಷರ ದುಂಡಗಿದೆ. ಅದು ಅಕ್ಕ ತಿದ್ದಿಸಿದ್ದು. ಚಿತ್ರ ಚೌಕವಾಗಿ ಒಡೆಯುವುದು, ದನಿ ನಿಲ್ಲುವುದು, ಎಲ್ಲ ವಿವರವಾಗಿ ಬರೆದೆ.

"ಕೆಳಗೆ ನಿಮ್ಮ ಹೆಸರು ಹಾಕ್ಲಾ?"

"ಬೇಡ ಬೇಡ. ಮಗಳನ್ನ ನೋಡೋಕೆ ಒದ್ದಾಡ್ತಿದಾನೆ ಅಂದ್ಕೋತಾರೆ. ಕ್ಷೌರದಂಗಡಿಯವನ ಹೆಸರು ಹಾಕು. ನಾನು ಹೇಳ್ತೀನಿ ಅವನಿಗೆ."

ಮಾರ್ಚ್ ೧೨

ಕ್ಷೌರದಂಗಡಿಗೆ ಉತ್ತರ ಬಂತು. ಅಚ್ಚು ಹಾಕಿದ್ದು. "ನಿಮ್ಮ ಆಂಟೆನಾ ಪರೀಕ್ಷಿಸಿಕೊಳ್ಳಿ." ಅಪ್ಪನಿಗೆ ಸಿಟ್ಟು ನೆತ್ತಿಗೇರಿತು.

"ಇನ್ಮೇಲೆ ಆಂಟೆನಾ, ಚಿತ್ರ, ಚೌಕ— ಒಂದರ ಮಾತೂ ಎತ್ತಬೇಡ. ಎತ್ತಿದ್ರೆ ಇದೇ ಅಚ್ಚು ಕಾಗದ ಬರುತ್ತೆ. ಇಷ್ಟೇ ಬರಿ. ಆರೂವರೆ ವಾರ್ತೆಯ ಮೇಲೆ ದೂರು. ಕೂಡಲೇ ಕ್ರಮ ಕೈಗೊಳ್ಳಿ."

"ಏನು ದೂರು ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ ಅಪ್ಪಾ?"

"ಗಾಬರಿ ಬಿದ್ದು ಅವರೇ ಬಂದು ಕೇಳ್ಲಿ."

ಸರಿ ಅನ್ನಿಸಲಿಲ್ಲ. ಯಾಕೆ ಸರಿಯಲ್ಲ ಅಂತ ಹೇಳಲೂ ಬರಲಿಲ್ಲ. ಬರೆದೆ. ಹಾಲಿನವರ ಹೆಸರಲ್ಲಿ ಒಂದು, ಏಣಿಯಣ್ಣನ ಹೆಸರಲ್ಲಿ ಒಂದು, ಮೇಲ್ಮನೆ ಅಜ್ಜಿಯ ಹೆಸರಲ್ಲಿ ಒಂದು. ಎಲ್ಲರೂ "ಹಾಕ್ಕೊಳ್ಳಿ, ಅದಕ್ಕೇನಂತೆ" ಅಂದರಂತೆ.

ಮಾರ್ಚ್ ೨೦, ಗುರುವಾರ

ಬಂತು!! ಪೂರ್ತಿ ಬಂತು. ಹದಿನೈದು ನಿಮಿಷ. ಅಕ್ಕ ಒಂದು ಚೂರೂ ಒಡೆಯಲಿಲ್ಲ. ಸ್ವಲ್ಪ ಇಳಿದುಹೋಗಿದ್ದಾಳೆ. ಎಡಗಿವಿಯ ಹತ್ತಿರ ಕೂದಲೊಂದು ಬಿಡಿಸಿಕೊಂಡಿತ್ತು, ಓದುವಾಗ ಅಲ್ಲಾಡುತ್ತಿತ್ತು. ಅಪ್ಪ ರೆಪ್ಪೆ ಬಡಿಯಲಿಲ್ಲ. ಅವಳ ಭಾಗ ಮುಗಿದ ಕೂಡಲೇ ಟಿವಿ ಆರಿಸಿಬಿಟ್ಟರು. ಹವಾಮಾನ ಇನ್ನೂ ಬಾಕಿಯಿತ್ತು.

"ನೋಡಿದ್ಯಾ? ಕ್ರಮ ಕೈಗೊಂಡ್ರು" ಅಂದರು.

ಅಮ್ಮ ಇರಲಿಲ್ಲ, ಕವರು ಕೊಡಲು ಆಸ್ಪತ್ರೆಗೆ ಹೋಗಿದ್ದಳು. ಬಂದ ಮೇಲೆ ಹೇಳಿದೆ. "ಚೆನ್ನಾಗಿ ಓದಿದ್ಲಾ? ತಪ್ಪಿಲ್ಲದೆ?" ಅಂತ ಮೂರು ಸಲ ಕೇಳಿದಳು.

ಮಾರ್ಚ್ ೨೧

ಮತ್ತೆ ಒಡೆಯಿತು. ನಿನ್ನೆ ಇದ್ದದ್ದು ಇವತ್ತು ಯಾಕಿಲ್ಲ? ಮೋಡವಿಲ್ಲ, ಗಾಳಿಯಿಲ್ಲ. ಅರ್ಥವೇ ಆಗುತ್ತಿಲ್ಲ.

ಅಪ್ಪನ ಲೆಕ್ಕ ಬೇರೆ. "ಕಾಗದ ನಿಲ್ಲಿಸಿದ್ವಿ, ಸಡಿಲ ಬಿಟ್ರು. ಬರಿ." ಬೀದಿಯ ಉಳಿದವರ ಹೆಸರಲ್ಲಿ ಇನ್ನೂ ಹನ್ನೊಂದು ಬರೆದೆ.

ಏಪ್ರಿಲ್ ೨

ಇವತ್ತೂ ಅಕ್ಕ ಬರಲಿಲ್ಲ. ಯಾರೋ ಗಂಡಸು "ನಮಸ್ಕಾರ" ಅಂದ. ಆಮೇಲೆ ಅವನೂ ಚೌಕವಾದ.

ಮತ್ತೆ "ಇವನ್ಯಾರು?" ಅಂದರು ಅಪ್ಪ. ತಾರಸಿ ಹತ್ತಲಿಲ್ಲ. ನಿನ್ನೆಯೂ ಇವನೇ, ಮೊನ್ನೆಯೂ ಇವನೇ. ಅಕ್ಕನಿಗೆ ಜ್ವರವೋ ಏನೋ. ಫೋನ್ ಮಾಡು ಅಂತ ಯಾರೂ ಯಾರಿಗೂ ಹೇಳುತ್ತಿಲ್ಲ.

ಏಪ್ರಿಲ್ ೪, ಬೆಳಿಗ್ಗೆ

ಅಪ್ಪ ಸ್ನಾನಕ್ಕೆ ಹೋದಾಗ ಅವರ ಫೋನಿನಿಂದ ಮಾಡಿದೆ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ಅಕ್ಕನಿಗೂ ಗೊತ್ತು. ಆದರೂ ಅವಳು "ಹೇಳು" ಅಂದಳು, ಅಷ್ಟೇ. "ಹೇಳು ಪುಟ್ಟಿ" ಅನ್ನಲಿಲ್ಲ.

"ನೀನ್ಯಾಕೆ ಬರ್ತಿಲ್ಲ?"

"ನೀವೇ ಅಲ್ವಾ ಬೇಡ ಅಂದಿದ್ದು?"

ನನಗೆ ತಿಳಿಯಲಿಲ್ಲ. ಅವಳೇ ಹೇಳಿದಳು. ಅಲ್ಲಿ ಒಂದೊಂದು ಕಾರ್ಯಕ್ರಮಕ್ಕೂ ಒಂದೊಂದು ದೂರಿನ ಫೈಲ್. ಆರೂವರೆ ವಾರ್ತೆಯ ಫೈಲ್ ದಪ್ಪಗಾಯಿತು ಅಂತ ಗುಮಾಸ್ತರು ಅವಳನ್ನು ಕರೆದು ತೋರಿಸಿದರಂತೆ.

"ಹದಿನಾಲ್ಕು ಕಾಗದ. ಹಾಲಿನವರು, ಏಣಿಯಣ್ಣ, ಮೇಲ್ಮನೆ ಅಜ್ಜಿ... ಹೆಸರು ಬೇರೆ ಬೇರೆ, ಅಕ್ಷರ ಒಂದೇ. ಆ 'ಳ'ದ ಬಾಲ ತಿದ್ದಿಸಿದ್ದು ನಾನು ಕಣೇ. ನನ್ನಿಂದಲೇ ಕಲಿತು ನನ್ನ ಮೇಲೇ ದೂರು ಬರೆದ್ಯಾ?"

"ತೆಗೆದುಬಿಟ್ರಾ ನಿನ್ನ?"

"ಅವರು ತೆಗೀಲಿಲ್ಲ. ನಾನೇ ಬೇರೆ ಕೆಲಸ ಕೊಡಿ ಅಂದೆ. ಮನೆಯವರಿಗೇ ಬೇಡದ ಮುಖ ಊರಿಗ್ಯಾಕೆ ತೋರಿಸ್ಲಿ?"

ಚಿತ್ರ ಒಡೆಯುತ್ತಿತ್ತು ಅಂದೆ. ಅಷ್ಟೇ ಬಂತು. ಅಕ್ಕ ನಕ್ಕಳು, ನಗುವಲ್ಲ ಅದು.

"ಇಲ್ಲಿ ಇನ್ಯಾರ ಮನೇಲೂ ಒಡೀತಿಲ್ಲ. ನಿಮ್ಮನೇಲಿ ಮಾತ್ರ, ನಾನು ಬಂದಾಗ ಮಾತ್ರ ಒಡೆಯುತ್ತಾ?"

ಫೋನ್ ಇಟ್ಟುಬಿಟ್ಟಳು. "ನಿಮ್ಮನೇಲಿ" ಅಂದಳು.

ಮೊದಲನೆಯ ಕಾಗದದಲ್ಲಿ ಎಲ್ಲ ವಿವರ ಇತ್ತು. ಅದು ಆಂಟೆನಾ ನೋಡುವವರ ಫೈಲಿಗೆ ಹೋಗಿರಬೇಕು. ಅಚ್ಚು ಉತ್ತರ ಬಂದದ್ದು ಅದಕ್ಕೇ.

ಏಪ್ರಿಲ್ ೫, ಶನಿವಾರ

ರಾತ್ರಿಯಿಡೀ ಅದೇ ಮಾತು. ನಮ್ಮನೆಯಲ್ಲಿ ಮಾತ್ರ, ಅವಳು ಬಂದಾಗ ಮಾತ್ರ. ಆದರೆ ಆ ಗಂಡಸೂ ಒಡೆದಿದ್ದನಲ್ಲ, ಅಂದರೆ ಕಾರಣ ಅವಳಲ್ಲ, ಆರೂವರೆ. ಆರೂವರೆಗೆ ನಮ್ಮನೆಯಲ್ಲಿ ಇನ್ನೇನು ಬರುತ್ತದೆ? ಬೀದಿ ದೀಪ. ಅದು ಎಲ್ಲರಿಗೂ. ಮೇಲ್ಮನೆಯ ನೀರಿನ ಪಂಪು. ಅದು ಬೆಳಿಗ್ಗೆ. ಆ ಗುರುವಾರ ಪೂರ್ತಿ ಬಂದಾಗ ಏನಿರಲಿಲ್ಲ?

ಅಮ್ಮ ಇರಲಿಲ್ಲ.

ಹಗಲು ನಮ್ಮಲ್ಲಿ ಟಿವಿ ಹಾಕುವುದಿಲ್ಲ. ಇವತ್ತು ಅಮ್ಮ ದಾರ ತರಲು ಹೋದಾಗ ಹಾಕಿದೆ. ಮಕ್ಕಳ ಕಾರ್ಯಕ್ರಮ, ಚೆನ್ನಾಗಿತ್ತು. ಮೆಷಿನ್ ಮುಂದೆ ಕೂತು ಕಾಲಿನಿಂದ ಪೆಡಲ್ ಒತ್ತಿದೆ. ಮೋಟಾರು ಗುರ್ ಅಂತು. ಮಕ್ಕಳೆಲ್ಲ ಚೂರುಚೂರು. ಕಾಲು ಎತ್ತಿದೆ. ಕೂಡಿಕೊಂಡರು. ಆರು ಸಲ ಮಾಡಿದೆ, ಆರು ಸಲವೂ ಹಾಗೇ. ಆಂಟೆನಾ ವೈರು ಮೋಟಾರಿನ ಬೆನ್ನಿಗೇ ತಾಗಿಕೊಂಡು ಹೋಗಿದೆ. ಅಲ್ಲೊಂದು ಜೋಡಣೆ, ಟೇಪು ಬಿಚ್ಚಿಕೊಂಡಿದೆ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ನಗಬೇಕೋ ಅಳಬೇಕೋ.

ಆದರೆ ಅಮ್ಮ ಸರಿಯಾಗಿ ಆರೂವರೆಗೇ ಯಾಕೆ ಕೂರುತ್ತಾಳೆ? ದಿನವೆಲ್ಲ ಹೊಲಿದವಳು. ಗೊತ್ತಿದ್ದೇ ಮಾಡುತ್ತಾಳಾ? ಅಮ್ಮನಾ?

ಏಪ್ರಿಲ್ ೬, ಭಾನುವಾರ

ಅಮ್ಮನನ್ನು ಕೇಳಿದೆ. ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸಿ ದಾರ ಎಳೆದು ನೋಡಿದಳು.

"ಅವಳು ಎಲ್ಲಿ ತಡವರಿಸ್ತಾಳೋ ಅಂತ ಎದೆ ಡವಡವ ಅನ್ನುತ್ತೆ ಕಣೇ. ಶಾಲೇಲಿ ಎಲ್ಲರ ಮುಂದೆ ಪದ್ಯ ಮರೆತು ಅತ್ತಿದ್ಲಲ್ಲ, ನೆನಪಾಗುತ್ತೆ. ಮೆಷಿನ್ ಸದ್ದಿದ್ರೆ ಕೇಳಿಸಲ್ಲ."

"ಒಂದಿನಾನೂ ನೋಡಿಲ್ವಾ ಅವಳನ್ನ?"

"ಮೊದಲಿನ ನಮಸ್ಕಾರ ಕೇಳಿಸ್ಕೋತೀನಿ. ದನಿ ಗಟ್ಟಿಯಾಗಿದೆ ಅನ್ನಿಸಿದ್ರೆ ಸಾಕು. ಆಮೇಲೆ ಒತ್ತಿಬಿಡ್ತೀನಿ. ಈಗ ಯಾರು ಓದಿದ್ರೂ ಕಾಲು ತಾನಾಗೇ ಒತ್ತುತ್ತೆ."

ಟಿವಿ ಹಾಕಿ ತೋರಿಸಿದೆ. ಅಮ್ಮ ಒಮ್ಮೆ ಒತ್ತಿದಳು, ಒಮ್ಮೆ ಬಿಟ್ಟಳು. ಎದ್ದು ಮೆಷಿನ್ನಿನಿಂದ ದೂರ ನಿಂತಳು, ಬಿಸಿ ಪಾತ್ರೆ ಮುಟ್ಟಿದವಳ ಹಾಗೆ.

"ಇಷ್ಟು ದಿನ ಅವಳ ಮುಖ ಒಡೆದಿದ್ದು ನನ್ನ ಕಾಲಾ?"

ಅಪ್ಪ ಬಾಗಿಲಲ್ಲಿ ನಿಂತಿದ್ದರು. ಯಾವಾಗ ಬಂದರೋ. ಎಲ್ಲ ಹೇಳಿದೆ. ಫೋನು, ಫೈಲು, ಅಕ್ಷರ. ಅಷ್ಟು ಉದ್ದ ನಾನು ಯಾವತ್ತೂ ಮಾತಾಡಿಲ್ಲ.

"ಎಷ್ಟು ಕಾಗದ?"

"ಹದಿನಾಲ್ಕು."

ಗೋಡೆಗೆ ಒರಗಿ ಕೂತರು. ಬೈಯುತ್ತಾರೆ ಅಂದುಕೊಂಡೆ, ಅಮ್ಮನನ್ನೋ ನನ್ನನ್ನೋ. ಬೈಯಲಿಲ್ಲ. "ಪೆನ್ನು ತಗೋ" ಅಂದರು.

ಮೋಟಾರಿನ ವಿಷಯ ಬರೆಸಿದರು, ಬಿಚ್ಚಿದ ಟೇಪಿನ ವಿಷಯ ಬರೆಸಿದರು. ತಪ್ಪು ಕೇಂದ್ರದ್ದಲ್ಲ, ಓದುವವಳದ್ದಂತೂ ಅಲ್ಲ, ನಮ್ಮ ಮನೆಯದು. ಆಮೇಲೆ ತಲೆ ಕೆರೆದುಕೊಂಡರು. ಗೋಡೆಗೆ ಹೇಳಿದ ಹಾಗೆ ಹೇಳಿದರು— "ನಾನು ದಿನಾ ಅವಳನ್ನು ನೋಡಲು ಕೂರುತ್ತಿದ್ದೆ. ಕಾಣದೆ ಸಿಟ್ಟು ಬಂದು ದೂರು ಬರೆಸಿದೆ."

"ಇದನ್ನೂ ಬರೀಲಾ?"

"ಅದನ್ನೇ ಬರಿ. ಕೆಳಗೆ ಓದುವವಳ ತಂದೆ ಅಂತ ಹಾಕು. ಸಹಿ ನಾನು ಮಾಡ್ತೀನಿ."

ಮಾಡಿದರು. ಸೊಟ್ಟಗಿದೆ. ಅಂಚೆಗೆ ಹಾಕಲು ಕೈ ಚಾಚಿದೆ, ಕೊಡಲಿಲ್ಲ.

ಏಪ್ರಿಲ್ ೮, ಬೆಳಿಗ್ಗೆ ಹನ್ನೊಂದೂ ಕಾಲು

ಟಿವಿ ಕೇಂದ್ರದ ಪಡಸಾಲೆ. ಬೆಂಚಿನ ಮೇಲೆ ಕೂತು ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ, ಸುಮ್ಮನೆ ಕೂರಲಾಗುತ್ತಿಲ್ಲ. ಮೂವರೂ ಬಂದಿದ್ದೇವೆ. ಅಪ್ಪ ಒಗೆದ ಅಂಗಿ ಹಾಕಿದ್ದಾರೆ, ಉಗುರಲ್ಲಿ ಮಾತ್ರ ಹಸಿರು ಬಣ್ಣ.

ಗುಮಾಸ್ತರು ಕಾಗದವನ್ನು ಎರಡು ಸಲ ಓದಿದರು. ಕನ್ನಡಕ ಮೇಲೆ ಮಾಡಿದರು.

"ಯಜಮಾನ್ರೇ, ಇದು ದೂರೂ ಅಲ್ಲ, ಮೆಚ್ಚುಗೆಯೂ ಅಲ್ಲ. ಯಾವ ಫೈಲಿಗೆ ಹಾಕ್ಲಿ ಇದನ್ನ?"

"ಫೈಲಿಗೆ ಬೇಡ ಸ್ವಾಮಿ. ಅವಳ ಕೈಗೆ ಕೊಡಿ."

"ಅವರು ವಾಪಸ್ ಓದೋಕೆ ಒಪ್ಪಿದ್ರೆ ನಮಗೂ ಸಂತೋಷಾನೇ. ನಾವು ಬೇಡ ಅಂದಿಲ್ಲ" ಅಂತ ಒಳಗೆ ಹೋದರು.

ಬಾಗಿಲಿಗೆ ಒಂದು ಅಂಗೈಯಗಲದ ಗಾಜಿದೆ. ಅಲ್ಲಿಂದ ಕಾಣುತ್ತಿದೆ. ಅಕ್ಕ ಈ ಕಡೆ ಬೆನ್ನು ಹಾಕಿ ನಿಂತಿದ್ದಾಳೆ. ಓದುತ್ತಿದ್ದಾಳೆ. ಒಂದೇ ಪುಟ ಬರೆದದ್ದು, ಇಷ್ಟು ಹೊತ್ತು ಯಾಕೆ? ಕಾಗದ ತಿರುಗಿಸಿ ಹಿಂದೆ ನೋಡಿದಳು, ಅಲ್ಲೇನೂ ಇಲ್ಲ. ಮತ್ತೆ ಮುಂದಿನದೇ ಓದಿದಳು. ಭುಜ... ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗುತ್ತಿಲ್ಲ.

ಅಪ್ಪ ಎದ್ದು ನಿಂತರು. ಅಪ್ಪ ಯಾರಿಗೂ ಎದ್ದು ನಿಲ್ಲುವವರಲ್ಲ. ಕೈ ಎಲ್ಲಿಡಬೇಕೋ ತಿಳಿಯದೆ ಹಿಂದೆ ಕಟ್ಟಿಕೊಂಡರು, ಮತ್ತೆ ಬಿಟ್ಟರು. ಅಮ್ಮ ಅವರ ಕಾಲರ್ ಸರಿ ಮಾಡಿದಳು. ಬಾಗಿಲ ಹಿಡಿ ತಿರುಗುತ್ತಿದೆ, ಅಕ್ಕ—