ನಿಜವಾದ ಅಜ್ಜಿಗೊಂದು ಪರೀಕ್ಷೆ

ಗುರುವಾರ, ಮಧ್ಯಾಹ್ನ

ಮಗಳಿಗೆ,

ಚೆನ್ನಾಗಿದ್ದೇನೆ ಎಂದು ಬರೆದರೆ ಅದೂ ಸುಳ್ಳು ಸುದ್ದಿಯಾದೀತು. ಬಲಗೈಗೆ ಕಟ್ಟು ಹಾಕಿದ್ದರಲ್ಲ, ಅದಕ್ಕೇ ಪತ್ರ ತಡವಾಯಿತು. ನಿನ್ನೆ ಬಿಚ್ಚಿದರು. ಕೂಡಿಟ್ಟ ಬೈಗುಳವೆಲ್ಲ ಒಟ್ಟಿಗೇ ಬರುತ್ತಿದೆ, ಕೂತು ಓದು.

ಅಲ್ಲ ಟೀಚರಮ್ಮ, ಯಾವ ಸುದ್ದಿ ದಿಟ, ಯಾವುದು ಸುಳ್ಳು ಎಂದು ಮಕ್ಕಳಿಗೆ ಕಲಿಸುವುದಕ್ಕೆ ನಿನಗೆ ನನ್ನ ದನಿಯೇ ಬೇಕಾಗಿತ್ತೇ? ನಾನು ಫೋನಿನಲ್ಲಿ ಕಳಿಸಿದ ಮಾತನ್ನೆಲ್ಲ ಆ ಕೃತಕ ಬುದ್ಧಿಗೆ ತಿನ್ನಿಸಿ, "ಬಿದ್ದಿದ್ದೀನಿ ಕಣೇ, ಬೇಗ ದುಡ್ಡು ಕಳ್ಸು" ಎಂದು ನನ್ನ ದನಿಯಲ್ಲೇ ಅಳುವ ಹಾಗೆ ಮಾಡಿದೆಯಂತೆ. ಅದೇ ತರಗತಿಯಲ್ಲಿ ಕೂತಿದ್ದ ನನ್ನ ಮೊಮ್ಮಗಳು ಅತ್ತೇಬಿಟ್ಟಳಂತೆ. ಆಮೇಲೆ ನೀನು, "ಅದು ಯಂತ್ರ. ನಂಬರ್ ಅಜ್ಜೀದೇ ಕಂಡ್ರೂ ನಂಬಬೇಡಿ. ಮನೆಯವ್ರಿಗೆ ಮಾತ್ರ ಗೊತ್ತಿರೋದು ಕೇಳಿ. ಉತ್ತರ ಬರ್ಲಿಲ್ವಾ, ಕಟ್ ಮಾಡಿ" ಅಂದೆಯಂತೆ. ಭೇಷ್!

ಪಾಠ ಚೆನ್ನಾಗಿಯೇ ತಲೆಗೆ ಹತ್ತಿದೆ. ನಾನು ನಿಜವಾಗಿ ಬಚ್ಚಲಲ್ಲಿ ಜಾರಿ ಬಿದ್ದು, ತೆವಳಿಕೊಂಡು ಬಂದು, ಎಡಗೈಯಲ್ಲಿ ನಿನ್ನ ನಂಬರ್ ಒತ್ತಿದರೆ ಎತ್ತಿದ್ದು ಆ ಮೊಮ್ಮಗಳೇ.

"ಬಿದ್ದಿದ್ದೀನಿ ಕಣೇ, ಅಮ್ಮನ್ನ ಕರಿ."

"ಮೊದ್ಲು ಹೇಳಿ, ನೀವು ನನ್ನನ್ನ ಏನಂತ ಕರೀತೀರಾ?"

ಅಜ್ಜಿಗೆ 'ನೀವು'!

"ತಲೆಹರಟೆ, ಕೈ ಮುರ್ದಿದೆ ಇಲ್ಲಿ!"

"ಹೇಳ್ಲಿಲ್ಲ ಅಂದ್ರೆ ಇಡ್ತೀನಿ."

ಇಟ್ಟೇಬಿಟ್ಟಳು. ಕೆಳಮನೆಯ ಟೈಲರಮ್ಮ ನನ್ನ ಕೂಗು ಕೇಳಿ ಓಡಿ ಬಂದಳು. "ಈ ಕೂಗು ಯಾವ ಯಂತ್ರಕ್ಕೂ ಬರಲ್ಲ ಬಿಡಿ" ಎನ್ನುತ್ತ ಆಸ್ಪತ್ರೆಗೆ ಸೇರಿಸಿದಳು.

ಅಲ್ಲಿಗೆ ಬಂದವಳು ನೀನಾದರೂ ತಪ್ಪಾಯಿತು ಅಂದೆಯಾ? "ಅವಳು ಸರಿಯಾಗೇ ಮಾಡಿದ್ಲು. ಹಠ ಬಿಟ್ಟು ಒಂದ್ ಮಾತು ಹೇಳಿದ್ರೆ ಮುಗೀತಿತ್ತಲ್ಲಮ್ಮಾ" ಅಂದೆ. "ನನ್ನ ಮೊಮ್ಮಗಳಿಗೆ ನಾನ್ಯಾಕೆ ಸಾಕ್ಷಿ ಕೊಡ್ಲಿ?" ಎಂದು ನಾನೂ ಗೋಡೆ ಕಡೆ ತಿರುಗಿ ಮಲಗಿದೆ. ಆ ಯಂತ್ರದ ದನಿಯನ್ನು ಅಳಿಸಿಹಾಕು. ಇನ್ನೊಂದು ತರಗತಿಗೆ ಕೇಳಿಸಿದೆಯೋ, ನಾನೇ ಬಂದು ನಿನ್ನ ಹೆಡ್‌ಮೇಷ್ಟ್ರ ಎದುರು ಕೂಗುತ್ತೇನೆ.

ಮಗುವಿನ ತಲೆ ಸವರು, ಅವಳ ಮೇಲೆ ಸಿಟ್ಟಿಲ್ಲ. ನೂರು ಕಾಲ ಬಾಳಲಿ. ನಿನಗೂ ಒಳ್ಳೆಯದಾಗಲಿ, ನಿನ್ನ ಪಾಠ ಹಾಳಾಗಲಿ.

ಇಂತಿ,
ನಿನ್ನ ಅಮ್ಮ, ಯಂತ್ರವಲ್ಲ

ತಾ.ಕ.: ಅದು ಹಠವಲ್ಲ ಕಣೇ. ದಿನಾ ಕರೆಯುವ ಆ ಮುದ್ದಿನ ಹೆಸರು ಬಾಯಿಗೆ ಬರಲಿಲ್ಲ. ನೋವಿಗೆ ಹಾಗಾಯಿತು ಎಂದುಕೊಂಡೆ. ಈಗ ನೋವಿಲ್ಲ. ಇಷ್ಟುದ್ದ ಬರೆದರೂ ಅವಳನ್ನು ಮೊಮ್ಮಗಳು ಎಂದೇ ಬರೆದಿದ್ದೇನೆ, ನೋಡು. ಆ ಹೆಸರು ಒಂದು ಚೀಟಿಯಲ್ಲಿ ಬರೆದು ಕಳಿಸು. ಅವಳಿಗೆ ಹೇಳಬೇಡ.