ಕಡಿದ ಗಂಡು ಪಪ್ಪಾಯಿ

ಚಿದ್ರಿ, ಬೀದರ
೧೧ ಜೂನ್ ೧೯೫೦

ಗೆಳೆಯ ಗುಲಾಮ ರಸೂಲನಿಗೆ ಶಿವರಾಜಪ್ಪನ ಶರಣಾರ್ಥಿ.

ಹೈದರಾಬಾದಿನಿಂದ ನೀನು ಬರೆದ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯದೆ ಕೂತಿದ್ದೆ, ಎಷ್ಟು ಬೇಕಾದರೂ ಬೈದುಕೋ. ಸಣ್ಣವರಿದ್ದಾಗ ನಾನೇ ನಿನಗೆ ಕಲಿಸಿದ ಕನ್ನಡ ಇದು. ನೀನೊಬ್ಬನೇ ಓದು, ಆಬೇದಾ ಭಾಭಿಯ ಮುಂದೆ ಓದಬೇಡ.

ಪಪ್ಪಾಯಿ ತೋಟ ಹೇಗಿದೆ ಎಂದು ಕೇಳಿದ್ದೀ. ಹೇಳಲು ನಾಚಿಕೆಯಾಗುತ್ತದೆ. ನೀವು ಊರು ಬಿಟ್ಟ ಮೇಲೆ ನೋಡಿಕೋ ಎಂದು ನನಗೆ ಒಪ್ಪಿಸಿದ್ದೆಯಲ್ಲ, ಹೋದ ವರ್ಷದ ಬೇಸಿಗೆಯಲ್ಲಿ ಬಾವಿಯ ನೀರು ತಳ ಕಂಡಿತು. ಉದ್ದ ದಂಟಿನಲ್ಲಿ ಹೂ ಜೋತುಬಿಟ್ಟುಕೊಂಡು, ಒಂದೂ ಕಾಯಿ ಹಿಡಿಯದೆ ನಿಂತಿದ್ದ ಆ ಐದು ಗಿಡಗಳಿಗೆ ನೀರು ಯಾಕೆ ದಂಡ ಎಂದು ಕೊಡಲಿ ಹಾಕಿಬಿಟ್ಟೆ. ನಿನಗಿಂತ ಜಾಣ ನೋಡು ನಾನು! ಆಮೇಲೆ ಉಳಿದ ಗಿಡಗಳು ಹೂವೇನೋ ಬಿಟ್ಟವು. ಗೋಲಿಯಷ್ಟಾಗುವ ಮೊದಲೇ ಎಲ್ಲ ಹಳದಿಯಾಗಿ ಉದುರಿದವು.

ಬಗದಲ ಊರಿನ ಮಡೆಪ್ಪ ಬಂದು ನೋಡಿ ಹಣೆ ಚಚ್ಚಿಕೊಂಡ. "ಅವು ಗಂಡು ಗಿಡ ಇದ್ದವಲ್ಲರಿ! ಅವುಗಳ ಹೂವಿನ ಪುಡಿ ಬೀಳಲಾರದ ಹೆಣ್ಣಿಗೆ ಕಾಯಿ ಹ್ಯಾಂಗ ನಿಲ್ತದರಿ? ರಸೂಲಸಾಬ್ರು ಸುಮ್ನ ಬಿಟ್ಟಿದ್ರೇನು?"

ಮೊದಲೇ ತೆಗೆದಿಟ್ಟಿದ್ದ ನಿನ್ನ ಹಣ್ಣಿನ ಬೀಜವನ್ನೇ ಮತ್ತೆ ಹಾಕಿದ್ದೇನೆ. ಅದರಲ್ಲಿ ಎರಡು ಗಂಡೆಂದು ಹೂ ತೋರಿಸಿವೆ. ದಿನಾ ಮುಂಜಾನೆ ಹೋಗಿ ನೋಡುತ್ತೇನೆ. "ಮಕ್ಕಳ ತೊಟ್ಟಿಲಾ ಸುದ್ದಾ ಇಷ್ಟು ಇಣುಕಿಲ್ಲ ನೀವು" ಎಂದು ನನ್ನ ಲಲಿತಾಬಾಯಿ ನಗುತ್ತಾಳೆ.

ಮಗಳಿಗೆ ನನ್ನ ಆಶೀರ್ವಾದ. ಬಸವಣ್ಣ ನಿಮ್ಮನ್ನು ತಣ್ಣಗೆ ಇಡಲಿ.

ನಿನ್ನ
ಶಿವರಾಜಪ್ಪ

ತಾ.ಕ.: ಎರಡು ತಿಂಗಳು ಕೈ ಕಟ್ಟಿಹಾಕಿದ್ದು ಪಪ್ಪಾಯಿಯಲ್ಲ, ನಿನ್ನ ಕಾಗದದ ಒಂದು ಸಾಲು. "ಅವತ್ತು ನೀ ಮನ್ಯಾಗ ಇರಲಿಲ್ಲಂತ ಆಬೇದಾ ಹೇಳಿದಳು. ಇದ್ದಿದ್ರ ಬಾಗಲಾ ತಗೀತಿದ್ದಿ." ನಿಜಾಮನ ಮೇಲೆ ದಂಡು ಬಂದ ಪೊಲೀಸ್ ಆಕ್ಷನ್ನಿನ ಗಲಾಟೆಯಲ್ಲಿ, ಮುಸಲ್ಮಾನರ ಮನೆಗಳಿಗೆ ಜನ ನುಗ್ಗುತ್ತಿದ್ದಾಗ, ನೀನು ಔರಾದಿನಲ್ಲಿ ಸಿಕ್ಕಿಕೊಂಡಿದ್ದ ದಿನ, ಭಾಭಿ ಮಗಳನ್ನು ಎತ್ತಿಕೊಂಡು ಬಂದು ನಮ್ಮ ಬಾಗಿಲು ಬಡಿದರು. "ಮನ್ಯಾಗ ಗಂಡಸ್ರಿಲ್ಲರಿ, ಬಾಗಲಾ ತಗ್ಯಾಂಗಿಲ್ಲ" ಎಂದು ಲಲಿತಾ ಒಳಗಿಂದ ಹೇಳಿದಳು. ಹಾಗೆ ಹೇಳು ಎಂದವನು ನಾನು. ಅಗುಳಿ ಒತ್ತಿ ಹಿಡಿದು ಅವಳ ಪಕ್ಕದಲ್ಲೇ ನಿಂತಿದ್ದೆ. "ಶಿವರಾಜಭಾಯಿ ಬಂದ್ರ, ಭಾಲ್ಕಿ ದಾರಿ ಹಿಡದೇವಂತ ಹೇಳ್ರಿ" ಎಂದು ಭಾಭಿ ಹೋದರು. ಆ ಮಾತನ್ನು ಯಾರೂ ನನಗೆ ಹೇಳಬೇಕಾಗಿರಲಿಲ್ಲ.