ಒದ್ದೆ ಮರಳಿನಲ್ಲಿ ಇಡಬೇಕಿದ್ದ ಗೆಡ್ಡೆ

ತಬೂಕ್, ಸೌದಿ ಅರೇಬಿಯಾ
18 ಏಪ್ರಿಲ್ 2025, ಶುಕ್ರವಾರ

ನನ್ನ ಹಿಬಾ,

ಸಲಾಂ. ಒಂಬತ್ತು ತಿಂಗಳಿಂದ ನೀನು ನನ್ನ ಫೋನ್ ಎತ್ತುವುದಿಲ್ಲ. ಹಾಗಾಗಿ ಈ ಕಾಗದ. ನಿನ್ನ ಬಾಪನ ಸ್ನೇಹಿತ ಉಸಾಮಾ ರಜೆಗೆ ಮಂಗಳೂರಿಗೆ ಹೊರಟಿದ್ದಾರೆ, ಹಾಸ್ಟೆಲಿಗೇ ತಂದುಕೊಡುತ್ತಾರೆ. ಹರಿದು ಹಾಕುವ ಮೊದಲು ಒಮ್ಮೆ ಓದು.

ಮೇ ಒಂಬತ್ತಕ್ಕೆ ಟಿಕೆಟ್ ಮಾಡಿದ್ದೀಯಂತೆ. ಅಜ್ಜಿಯ ನೀಲಿ ನೈದಿಲೆಯನ್ನು ಈ ಸಲವೂ ನಾನೇ ಟಬ್ಬಿನಲ್ಲಿ ನೆಡುತ್ತೇನೆ, ಉಮ್ಮ ಮುಟ್ಟುವುದು ಬೇಡ ಎಂದು ಬಾಪನ ಹತ್ತಿರ ಹೇಳಿದೆಯಂತೆ. ನೀನು ಬರುತ್ತಿರುವುದು ನನಗಾಗಿ ಅಲ್ಲವೆಂದು ಗೊತ್ತು. ಆದರೂ ನಿನ್ನ ಹಾಸಿಗೆಯ ಚಾದರ ಎರಡು ಸಲ ಒಗೆದೆ.

ವಿಷಯ ಹೇಳಿಬಿಡುತ್ತೇನೆ. ಆ ನೈದಿಲೆಯ ಗೆಡ್ಡೆ ಸತ್ತುಹೋಗಿದೆ.

ನೀನು ಫ್ರಿಜ್ಜಿಗೆ ಅಂಟಿಸಿ ಹೋದ ಚೀಟಿ ಅಲ್ಲೇ ಇತ್ತು. ಇಲ್ಲಿಯ ಚಳಿಗೆ ಟಬ್ಬಿನ ನೀರು ಹೆಪ್ಪುಗಟ್ಟುವ ಮೊದಲೇ ಗೆಡ್ಡೆ ಕೀಳಬೇಕು, ಒದ್ದೆ ಮರಳಿನ ಡಬ್ಬಿಯಲ್ಲಿ ಹೂತು ಒಳಗಿಡಬೇಕು, ಒಣಗಲು ಬಿಡಬಾರದು. ನವೆಂಬರಿನಲ್ಲಿ ಕಿತ್ತೆ. ಅಷ್ಟು ಸರಿ. ಆದರೆ ಒದ್ದೆಯಲ್ಲಿಟ್ಟರೆ ಕೊಳೆಯುವುದಿಲ್ಲವಾ, ಈ ಹುಡುಗಿಗೆ ಎಂತ ಗೊತ್ತು ಎಂದುಕೊಂಡೆ. ಊರಿನಲ್ಲಿ ಸುವರ್ಣಗೆಡ್ಡೆಗೆ ಬಿಸಿಲು ತೋರಿಸಿ ಅಟ್ಟಕ್ಕೆ ಹಾಕುವ ಹಾಗೆ ನಾಲ್ಕು ದಿನ ಟೆರೇಸಿನಲ್ಲಿ ಒಣಗಿಸಿ, ಪೇಪರ್ ಸುತ್ತಿ ಕಪಾಟಿನ ಮೇಲಿಟ್ಟೆ. ನಮ್ಮೂರಿನ ಗಾಳಿಯಲ್ಲಿರುವ ತೇವ ಈ ಮರುಭೂಮಿಯಲ್ಲಿ ಎಲ್ಲಿಂದ ಬರಬೇಕು? ಇಪ್ಪತ್ತು ವರ್ಷ ಇಲ್ಲಿದ್ದೂ ಅಷ್ಟು ಹೊಳೆಯಲಿಲ್ಲ. ಮಾರ್ಚಿನಲ್ಲಿ ಬಿಚ್ಚಿದರೆ ಸುರುಟಿ ಕಲ್ಲಾಗಿತ್ತು. ಬಾಲ್ದಿಯ ನೀರಿನಲ್ಲಿ ಹಾಕಿ ಮೂರು ವಾರ ಕಾದೆ. ನೀರು ನಾತ ಹೊಡೆಯಿತು, ಅಷ್ಟೆ.

ಈಗ ಹೇಳುವುದೆಂತಕೆ ಮಾರಾಯ್ತಿ, ಮೊದಲು ಬರಲಿ, ಮತ್ತೆ ನೋಡುವ ಎಂದರು ಬಾಪ. ನರ್ಸರಿಯಿಂದ ಅಂಥದ್ದೇ ಒಂದು ತಂದರು. ನಾನೂ ಹೂಂ ಎಂದೆ. ಅದನ್ನು ನಿನ್ನ ಡಬ್ಬಿಯಲ್ಲಿ ಹೂಳಲು ಕೂತಾಗ ಮಾತ್ರ ಕೈ ಏಳಲಿಲ್ಲ.

ಹೋದ ವರ್ಷವೂ ಹೀಗೆಯೇ ಅಲ್ಲವಾ ಮಾಡಿದ್ದು. ಅಜ್ಜಿ ತೀರಿಕೊಂಡಾಗ ನಿನ್ನ ಹನ್ನೆರಡನೆಯ ಕ್ಲಾಸಿನ ಪರೀಕ್ಷೆ ನಡೆಯುತ್ತಿತ್ತು. ಮುಗಿಯಲಿ, ಆಮೇಲೆ ಹೇಳುವ ಎಂದೆವು. ಇಲ್ಲಿ ನಮ್ಮವರ ಎಷ್ಟೋ ಮನೆಗಳಲ್ಲಿ ಹಾಗೆಯೇ ಮಾಡುತ್ತಾರೆ, ಯಾರೂ ತಪ್ಪೆನ್ನುವುದಿಲ್ಲ. ಹದಿನಾರು ದಿನ ಬಚ್ಚಲಿನಲ್ಲಿ ನಲ್ಲಿ ಬಿಟ್ಟು ಅತ್ತು, ಮುಖ ತೊಳೆದು ಬಂದು ನಿನಗೆ ದೋಸೆ ಹೊಯ್ದುಕೊಟ್ಟೆ. ಆ ದಿನಗಳಲ್ಲಿ ನೀನು ಅಜ್ಜಿಗೆ ವಾಯ್ಸ್ ಮೆಸೇಜ್ ಕಳಿಸುತ್ತಿದ್ದೆ, ನೀವು ಕೊಟ್ಟ ಗೆಡ್ಡೆ ಎಲೆ ಬಿಟ್ಟಿದೆ, ಯಾಕೆ ಮಾತಾಡುವುದಿಲ್ಲ ಎಂದು. ನಾನು ಪಕ್ಕದಲ್ಲೇ ನಿಂತು ಕೇಳಿದೆ. ತಡೆಯಲಿಲ್ಲ. ಕೊನೆಯ ಪರೀಕ್ಷೆ ಬರೆದು ಬಂದ ದಿನ ನಿನಗೆ ಗೊತ್ತಾದಾಗ ನೀನು ಅಳಲೂ ಇಲ್ಲ. ನನ್ನನ್ನು ನೋಡಿದೆ, ಅಷ್ಟೆ.

ಮತ್ತೊಮ್ಮೆ ಅದು ನನ್ನಿಂದಾಗದು. ನರ್ಸರಿಯ ಗೆಡ್ಡೆಯನ್ನು ಬಾಪನ ಕೈಯಲ್ಲೇ ವಾಪಸು ಕಳಿಸಿದೆ. ಇನ್ನು ಈ ಮನೆಯಲ್ಲಿ ನಿನಗೆಂದು ಉಳಿದಿರುವುದು ನಾವಿಬ್ಬರೇ. ಟಿಕೆಟ್ ಕ್ಯಾನ್ಸಲ್ ಮಾಡಿದರೆ ಬೈಯುವುದಿಲ್ಲ. ಆದರೆ ಎದೆ ಒಡೆದುಹೋಗುತ್ತದೆ ಮಗಳೇ, ಅದನ್ನು ಮುಚ್ಚಿಡುವುದಿಲ್ಲ.

ಕ್ಷಮೆ ಕೇಳಲು ಮುಖವಿಲ್ಲದ,
ನಿನ್ನ ಉಮ್ಮ

ತಾ.ಕ.: ಇದು ಬಾಪನಿಗೂ ಗೊತ್ತಿಲ್ಲ. ತೀರಿಕೊಳ್ಳುವ ಹಿಂದಿನ ಸಂಜೆ ಅಜ್ಜಿ ಆಸ್ಪತ್ರೆಯಿಂದ ಫೋನ್ ಮಾಡಿ, ಹಿಬಾಳಿಗೆ ಕೊಡು ಎಂದರು. ಎರಡು ಸಲ ಕೇಳಿದರು. ಆ ದನಿ ಕೇಳಿದರೆ ನಿನಗೆ ತಿಳಿದುಬಿಡುತ್ತದೆಂದು, ಓದುತ್ತಿದ್ದಾಳೆ ಎಂದು ಹೇಳಿ ಫೋನ್ ಇಟ್ಟೆ. ನೀನು ನನ್ನ ಎದುರಿಗೇ ಕೂತು ಚಾ ಕುಡಿಯುತ್ತಿದ್ದೆ.